ಕಾಲುವೆಯಾಚೆಗೊಂದು ಐನೂರು ರೂಪಾಯಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಣಿ ಕಡಿದು ಹೊಳೆಯ ಪಾಲಾದಾಗ, ಎದೆಗೆಟ್ಟವನು ಭತ್ತದ ರೈತನೊಬ್ಬನೇ ಆಗಿರಲಿಲ್ಲ. ಆ ಭತ್ತವನ್ನು ಕೊಳ್ಳುವ ದಲಾಲಿ, ಅದನ್ನು ಅಕ್ಕಿಮಾಡುವ ಗಿರಣಿಯ ಒಡೆಯ, ಆ ಗಿರಣಿಯಲ್ಲಿ ಚೀಲ ಹೊರುವ ಹಮಾಲ, ಗೊಬ್ಬರವನ್ನು ಉದ್ದರಿ ಕೊಟ್ಟ ಅಂಗಡಿಕಾರ, ಟ್ರ್ಯಾಕ್ಟರಿನ ಮೇಲೆ ಸಾಲವಿತ್ತ ಸಾಹುಕಾರ, ಹಬ್ಬದ ವ್ಯಾಪಾರವನ್ನು ನೆಚ್ಚಿದ ಜವಳಿ ವರ್ತಕ, ಇವರೆಲ್ಲರೂ ಗಂಗಾವತಿಯಲ್ಲಿ ಏಕಕಾಲಕ್ಕೆ ತಮ್ಮ ತಮ್ಮ ವರ್ಷದ ಲೆಕ್ಕವನ್ನು ಮರಳಿ ಹಾಕಬೇಕಾಯಿತು. ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನಿಳಿಸಿ ವಾರವೊಂದರೊಳಗಾಗಿ ಆ ಕಂಡಿಯನ್ನು ಮುಚ್ಚಿದ ತಂತ್ರಜ್ಞರ ಸಾಹಸವು ಸ್ತುತ್ಯರ್ಹವಾದುದೇ ಸರಿ. ಆದರೆ ಒಂದು ಸರಪಣಿಯ ಕೊಂಡಿಗೆ ಒಂದು ಪ್ರಾಂತವೇ ಜೋತುಬಿದ್ದಿದೆಯೆಂಬ ಸತ್ಯವನ್ನು ಆ ವಾರವು ತೋರಿಸಿಕೊಟ್ಟಿತು. ಎಳೆಯ ವಯಸ್ಸಿನವರು ತಮ್ಮ ಅಲ್ಪ ಉಳಿತಾಯವನ್ನು ಎಲ್ಲಿ ತೊಡಗಿಸಬೇಕೆಂಬ ಪ್ರಶ್ನೆಯನ್ನು ವಿಚಾರಿಸಹೊರಟವರು ಈ ಸತ್ಯದಿಂದಲೇ ಹೊರಡುವುದು ಉಚಿತವೆಂದು ನನ್ನ ಅಭಿಪ್ರಾಯ.

ಈ ವಿಷಯವನ್ನು ಕುರಿತು ಇಂದು ದೊರೆಯುವ ಉಪದೇಶಕ್ಕೆ ಅಭಾವವೇನೂ ಇಲ್ಲ. ಅಂಗೈಯಲ್ಲಿನ ಮೊಬೈಲು ತೆರೆದರೆ ಸಾಕು, ಹತ್ತು ಜನ ಹಿತೈಷಿಗಳು ಹತ್ತು ದಾರಿಗಳನ್ನು ತೋರಿಸುತ್ತಾರೆ. ಆದರೆ ಈ ಉಪದೇಶಗಳ ಬಹುಭಾಗವು ತಿಂಗಳ ಮೊದಲ ದಿನ ತಪ್ಪದೆ ಸಂಬಳವನ್ನು ಪಡೆಯತಕ್ಕ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದುದು. ನಮ್ಮ ಸೀಮೆಯ ಮನೆಯ ಆದಾಯದ ರೀತಿ ಅದಲ್ಲ. ಇಲ್ಲಿ ಹಣವು ಸುಗ್ಗಿಯಲ್ಲಿ ಒಮ್ಮೆಗೇ ಬರುತ್ತದೆ, ಬಂದ ದಿನವೇ ಅರ್ಧವು ಹಳೆಯ ಸಾಲಕ್ಕೆ ಸಲ್ಲುತ್ತದೆ, ಉಳಿದ ಅರ್ಧವು ಮುಂದಿನ ನಾಟಿಯ ತನಕ ಮನೆಯನ್ನು ನಡೆಸಬೇಕಾಗುತ್ತದೆ.

ಇನ್ನೂ ಒಂದು ಭೇದವುಂಟು, ಅದೇ ಮುಖ್ಯವಾದದ್ದು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಕಟ್ಟಿ ನಿಲ್ಲಿಸಿದ ಈ ಅಣೆಕಟ್ಟು, ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆಯ ಮೂಲಕ, ಜೋಳದ ಹೊಲಗಳ ನಾಡನ್ನು ಭತ್ತದ ಕಣಜವನ್ನಾಗಿ ಮಾಡಿತು; ಆಂಧ್ರದ ಕಡೆಯಿಂದ ಬಂದವರು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆನಿಂತರು; ಸೋನಾ ಮಸೂರಿಯ ಹೆಸರಿನೊಡನೆ ಗಂಗಾವತಿಯ ಹೆಸರೂ ದೂರದೂರಿನ ಅಂಗಡಿಗಳನ್ನು ಸೇರಿತು. ಈ ಸಂಪತ್ತನ್ನು ಅಲ್ಲಗಳೆಯುವ ಕೃತಘ್ನತೆ ಯಾರಿಗೂ ಬೇಡ. ಆದರೆ ಇದರ ಫಲವಾಗಿ, ಇಲ್ಲಿನ ಒಂದು ಸಾಧಾರಣ ಮನೆತನದ ಹೊಲವೂ ಕಾಲುವೆಯದಾಗಿದೆ, ತಂದೆಯ ದುಡಿಮೆಯೂ ಕಾಲುವೆಯದಾಗಿದೆ, ಚಿಕ್ಕಪ್ಪನ ಅಂಗಡಿಯೂ ಕಾಲುವೆಯದಾಗಿದೆ, ಅಕ್ಕನ ಮದುವೆಗೆಂದು ಕೊಂಡಿಟ್ಟ ನಿವೇಶನದ ಬೆಲೆಯೂ ಕಾಲುವೆಯನ್ನೇ ಅನುಸರಿಸುತ್ತದೆ. ತಾನು ಹೂಡಿಕೆಯನ್ನೇ ಮಾಡಿಲ್ಲವೆಂದು ತಿಳಿದಿರುವ ಕಾಲೇಜು ಹುಡುಗನು ಹುಟ್ಟಿನಿಂದಲೇ ತುಂಗಭದ್ರೆಯಲ್ಲಿ ಹೂಡಿಕೆ ಮಾಡಿದವನಾಗಿದ್ದಾನೆ. ಆದುದರಿಂದ ಅವನು ತಾನಾಗಿ ಕೂಡಿಟ್ಟ ಮೊದಲ ಐನೂರು ರೂಪಾಯಿ ಇದೇ ನೀರಿನ ಮೇಲೆ ಮತ್ತೊಮ್ಮೆ ಪಣವಾಗಬಾರದು. ಅದು ಕಾಲುವೆಯ ಆಚೆಗೆ, ನೀರು ಬಂದರೂ ಬಾರದಿದ್ದರೂ ಒಂದೇ ಸಮನಾಗಿರುವ ಸ್ಥಳದಲ್ಲಿ ನಿಲ್ಲಬೇಕು.

ಕುಷ್ಟಗಿ, ಯಲಬುರ್ಗಾಗಳ ವಿದ್ಯಾರ್ಥಿಗಳು ಇದನ್ನು ಓದಿ, ತಮ್ಮ ಊರಿಗೆ ಕಾಲುವೆಯೇ ಇಲ್ಲವಲ್ಲ ಎಂದು ನಕ್ಕಾರು. ಅವರ ಪಾಲಿಗೆ ಮುಗಿಲೇ ಆ ಸ್ಥಾನದಲ್ಲಿದೆ. ಮಳೆಯ ನೆಚ್ಚಿಕೆಯನ್ನು ಬಿಡಿಸಿಕೊಳ್ಳಲೆಂದು ಅಲ್ಲಿಯ ಎಷ್ಟೋ ರೈತರು ಬಾವಿ ತೋಡಿಸಿ, ಹನಿ ನೀರಾವರಿಯಿಂದ ದಾಳಿಂಬೆಯನ್ನು ಬೆಳೆಸಿ, ಕೆಲವು ವರ್ಷ ಚಿನ್ನದಂಥ ಬೆಲೆಯನ್ನೂ ಕಂಡು, ಕೊನೆಗೆ ದುಂಡಾಣು ಅಂಗಮಾರಿ ರೋಗಕ್ಕೆ ತೋಟಗಳನ್ನೇ ಕಿತ್ತೊಗೆಯಬೇಕಾಗಿ ಬಂದ ಇತಿಹಾಸವು ಇನ್ನೂ ಹಳೆಯದಾಗಿಲ್ಲ. ಬಿತ್ತನೆ ಕೆಟ್ಟ ವರ್ಷ ಗೋವೆ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೊರಡುವ ಮನೆಯ ಮಕ್ಕಳಿಗೆ, ಎಲ್ಲವನ್ನೂ ಒಂದೇ ಕಡೆ ಇಡಬಾರದೆಂಬುದನ್ನು ಪುಸ್ತಕದಿಂದ ಕಲಿಸಬೇಕಾದ ಅಗತ್ಯವಿಲ್ಲ.

ವಿದ್ಯಾರ್ಥಿಯ ಬಳಿ ಹಣವೆಲ್ಲಿಯದೆಂದು ಕೇಳುವವರಿದ್ದಾರೆ. ವಿದ್ಯಾರ್ಥಿವೇತನದಲ್ಲಿ ಮಿಕ್ಕದ್ದು, ರವಿವಾರದ ಮನೆಪಾಠ, ಔಷಧದಂಗಡಿಯಲ್ಲಿ ಸಂಜೆಯ ಕೆಲಸ, ಮದುವೆಗಳಲ್ಲಿ ಬಡಿಸುವ ಕೂಲಿ, ಪದವಿ ಮುಗಿಸಿಯೂ ಕೆಲಸ ಸಿಗದವರಿಗೆ 2024ರ ಜನವರಿಯಿಂದ ಯುವನಿಧಿಯ ಮಾಸಿಕ 3,000 ರೂಪಾಯಿ: ಇವೆಲ್ಲ ಚಿಲ್ಲರೆಯೇ ಹೌದು, ಆದರೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ತಿಂಗಳಿಗೆ ಐನೂರು ಉಳಿಸಬಲ್ಲವರು ನಮ್ಮ ಪದವಿ ಕಾಲೇಜುಗಳಲ್ಲಿ ಅನೇಕರಿರುವರು.

ಆ ಐನೂರನ್ನು ಮೊದಲು ಎಲ್ಲಿ ಹಾಕಬೇಕು? ನನ್ನ ಉತ್ತರವು ಬ್ಯಾಂಕಿನವರಿಗೂ ರುಚಿಸಲಾರದು, ಮ್ಯೂಚುವಲ್ ಫಂಡಿನವರಿಗೂ ರುಚಿಸಲಾರದು. ಮನೆಯಲ್ಲಿ ಕೈಸಾಲವಿದ್ದರೆ, ಅದರಲ್ಲಿಯೂ ಬಾಯಿಮಾತಿನ ಬಡ್ಡಿಯ ಸಾಲವಿದ್ದರೆ, ಮೊದಲ ಹೂಡಿಕೆ ಅದರ ಅಸಲಿಗೇ ಸಲ್ಲತಕ್ಕದ್ದು. ನಮ್ಮ ಕಡೆ ‘ಮೂರು ರೂಪಾಯಿ ಬಡ್ಡಿ’ಯೆಂದು ಸರಾಗವಾಗಿ ಆಡುತ್ತೇವೆ, ತಿಂಗಳಿಗೆ ನೂರಕ್ಕೆ ಮೂರು ಎಂಬುದು ವರ್ಷಕ್ಕೆ ನೂರಕ್ಕೆ ಮೂವತ್ತಾರಾಗುವುದನ್ನು ಅದೇ ಸರಾಗದಲ್ಲಿ ಮರೆತುಬಿಡುತ್ತೇವೆ. ಹತ್ತು ಸಾವಿರದ ಇಂಥ ಸಾಲವೊಂದು ವರ್ಷಕ್ಕೆ 3,600 ರೂಪಾಯಿಯನ್ನು ನುಂಗಿ ಅಸಲನ್ನು ಹಾಗೆಯೇ ಉಳಿಸುತ್ತದೆ. ವಿದ್ಯಾರ್ಥಿಯೊಬ್ಬಳು ವರ್ಷದಲ್ಲಿ ಕೂಡಿಸಿದ ಆರು ಸಾವಿರವನ್ನು ಅಂಚೆ ಕಚೇರಿಯಲ್ಲಿಟ್ಟರೆ ಮುಂದಿನ ವರ್ಷ ನಾನೂರು ರೂಪಾಯಿಯ ಆಸುಪಾಸಿನಲ್ಲಿ ಬಡ್ಡಿ ಬಂದೀತು. ಅದೇ ಆರು ಸಾವಿರವನ್ನು ತಾಯಿಯ ಆ ಸಾಲದ ಅಸಲಿಗೆ ಕಟ್ಟಿದರೆ ವರ್ಷಕ್ಕೆ 2,160 ರೂಪಾಯಿಯ ಬಡ್ಡಿ ನಿಲ್ಲುತ್ತದೆ. ನಿಶ್ಚಯವಾಗಿ, ಅಪಾಯವಿಲ್ಲದೆ, ತೆರಿಗೆಯಿಲ್ಲದೆ ನೂರಕ್ಕೆ ಮೂವತ್ತಾರು ಕೊಡುವ ಹೂಡಿಕೆಯನ್ನು ಮುಂಬಯಿಯ ಯಾವ ಪಂಡಿತನೂ ತೋರಿಸಲಾರನು. ಸಣ್ಣ ಸಾಲಗಳ ವಸೂಲಿಯಲ್ಲಿನ ದೌರ್ಜನ್ಯವನ್ನು ತಡೆಯಲು 2025ರ ಆರಂಭದಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂಬುದು ಈ ಹೊರೆಯು ಎಷ್ಟು ಮನೆಗಳ ಮೇಲಿದೆಯೆಂಬುದಕ್ಕೆ ಸಾಕ್ಷಿ. ಹೀಗೆ ಮಗಳ ಹಣದಿಂದ ಮನೆಯ ಸಾಲ ತೀರಿಸುವುದರಲ್ಲಿ ಒಂದು ಅನ್ಯಾಯವೂ ಅಡಗಿದೆಯೆಂಬುದನ್ನು ನಾನು ಬಲ್ಲೆ. ತೀರಿದ ಸಾಲದ ಜಾಗದಲ್ಲಿ ತಂದೆಯು ಮತ್ತೊಂದನ್ನು ತಾರದಿದ್ದರೆ ಮಾತ್ರ ಈ ಲೆಕ್ಕವು ಸರಿಹೋಗುತ್ತದೆ. ಅಷ್ಟರ ಮಾತನ್ನು ಮನೆಯಲ್ಲಿ ಮೊದಲೇ ಆಡಿಕೊಳ್ಳುವುದು ಲೇಸು.

ಸಾಲವಿಲ್ಲದವರ, ಅಥವಾ ಸಾಲ ತೀರಿದವರ ಮಾತು ಇನ್ನು ಮುಂದಿನದು. ಅಭ್ಯಾಸದ ದೃಷ್ಟಿಯಿಂದ ನೋಡಿದರೆ ಕನ್ನಡನಾಡು ಈ ವಿಷಯದಲ್ಲಿ ಹೊರಗಿನವರಿಂದ ಕಲಿಯುವುದಕ್ಕಿಂತ ಹೊರಗಿನವರಿಗೆ ಕಲಿಸಿದುದೇ ಹೆಚ್ಚು. 1925ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾಗಿ ತರುವಾಯ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು, ಡಾ. ಟಿ.ಎಂ.ಎ. ಪೈಯವರ ದೂರದೃಷ್ಟಿಯ ಫಲವಾಗಿ, 1928ರಲ್ಲಿ ಪಿಗ್ಮಿ ಯೋಜನೆಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನಾದರೂ ಸರಿಯೇ, ಏಜೆಂಟನು ಮನೆಬಾಗಿಲಿಗೆ ಬಂದು ಪಡೆದುಕೊಂಡು ಹೋಗುವ ಏರ್ಪಾಟನ್ನು ಮಾಡಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನ ಬಳಿಗೆ ಬ್ಯಾಂಕೇ ನಡೆದು ಬಂದ ಆ ಕಲ್ಪನೆಯ ಔದಾರ್ಯವನ್ನು ನೆನೆದರೆ ಇಂದಿಗೂ ಗೌರವವುಂಟಾಗುತ್ತದೆ. ಗಂಗಾವತಿಯ ತರಕಾರಿ ಮಾರುಕಟ್ಟೆಯಲ್ಲಿ ಸಂಜೆಯ ಹೊತ್ತು ಅಂಗಡಿಯಿಂದ ಅಂಗಡಿಗೆ ಹೋಗುವ ಪಿಗ್ಮಿಯವನನ್ನು ಕಾಣದವರಾರು? ಆದರೆ ಯೋಜನೆಯ ಗುಣವನ್ನೂ ಮಿತಿಯನ್ನೂ ಬೇರೆಬೇರೆಯಾಗಿ ತೂಗಬೇಕು. ಏಜೆಂಟನ ದಿನನಿತ್ಯದ ತಿರುಗಾಟದ ವೆಚ್ಚವು ಬಡ್ಡಿಯಿಂದಲೇ ಹೋಗಬೇಕಾದುದರಿಂದ ಪಿಗ್ಮಿಯ ಪ್ರತಿಫಲವು ಸಹಜವಾಗಿಯೇ ಕಡಿಮೆ; ಅವಧಿಗೆ ಮೊದಲೇ ಹಣವನ್ನು ತೆಗೆದರೆ ಅದೂ ದಕ್ಕದೆ ಹೋದೀತು. ಕೈಯಲ್ಲಿನ ಹಣ ಸಂಜೆಯೊಳಗೆ ಕರಗಿಹೋಗುವ ವರ್ತಕನಿಗೆ ಅದು ತಕ್ಕದ್ದು. ತನ್ನ ಖಾತೆಯಿಂದ ತಿಂಗಳಿಗೊಮ್ಮೆ ತಾನಾಗಿಯೇ ಹಣ ಕಡಿತವಾಗುವಂತೆ ಆಜ್ಞೆ ಕೊಡಬಲ್ಲ ವಿದ್ಯಾರ್ಥಿಗೆ ಏಜೆಂಟನ ಸಂಬಳವನ್ನು ಹೊರುವ ಕಾರಣವಿಲ್ಲ.

ಅಂಚೆ ಕಚೇರಿಯ ಆವರ್ತ ಠೇವಣಿ, ಎಂದರೆ ಆರ್‌ಡಿ, ತಿಂಗಳಿಗೆ ನೂರು ರೂಪಾಯಿಯಿಂದಲೂ ಆರಂಭವಾಗುತ್ತದೆ. ಐದು ವರ್ಷದ ಅವಧಿ. ಬಡ್ಡಿಯ ದರವನ್ನು ಸರ್ಕಾರವು ಮೂರು ತಿಂಗಳಿಗೊಮ್ಮೆ ಸಾರುತ್ತದೆ. 6.7ರ ದರದಲ್ಲಿ ತಿಂಗಳಿಗೆ ಐನೂರರಂತೆ ಕಟ್ಟಿದ 30,000 ರೂಪಾಯಿಯು ಐದು ವರ್ಷದ ಕೊನೆಗೆ 35,683 ಆಗುತ್ತದೆ. ಇದು ಶ್ರೀಮಂತಿಕೆಯಲ್ಲ, ಬಿ.ಇಡಿ. ಶುಲ್ಕವೋ, ಬೆಂಗಳೂರಿಗೆ ಹೋಗಿ ಕೆಲಸ ಹುಡುಕುವ ಮೂರು ತಿಂಗಳ ಊಟ ವಸತಿಯೋ ಸಾಲವಿಲ್ಲದೆ ಸಾಗುವಷ್ಟು ಸ್ವಾತಂತ್ರ್ಯ. ಇನ್ನೂ ದೀರ್ಘವಾದ ದೃಷ್ಟಿಯುಳ್ಳವರಿಗೆ ಸಾರ್ವಜನಿಕ ಭವಿಷ್ಯ ನಿಧಿ, ಎಂದರೆ ಪಿಪಿಎಫ್ ಇದೆ. ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಿದರೂ ಖಾತೆಯು ಜೀವಂತವಾಗಿರುತ್ತದೆ. 2020ರ ಏಪ್ರಿಲ್‌ನಲ್ಲಿ ನಿಗದಿಯಾದ 7.1ರ ದರವೇ ಉಳಿದು ಬಂದರೆ, ತಿಂಗಳಿಗೆ ಐನೂರರಂತೆ ಹದಿನೈದು ವರ್ಷ ಕಟ್ಟಿದ 90,000 ರೂಪಾಯಿಯು 1,57,000ಕ್ಕೆ ಮೇಲಾಗುತ್ತದೆ. ಪ್ರತಿ ತಿಂಗಳೂ 5ನೆಯ ತಾರೀಖಿನೊಳಗೆ ಕಟ್ಟಬೇಕು, ತಡವಾದರೆ ಆ ಕಂತಿಗೆ ಆ ತಿಂಗಳ ಬಡ್ಡಿಯಿಲ್ಲ. ಹದಿನೈದು ವರ್ಷವೆಂಬ ಮಾತನ್ನು ಕೇಳಿ ಹತ್ತೊಂಬತ್ತರ ಹುಡುಗನು ಹೌಹಾರುವುದು ಸಹಜ. ಆದರೆ ಚಕ್ರಬಡ್ಡಿಯ ಗುಟ್ಟು ಇರುವುದೇ ಕೊನೆಯ ವರ್ಷಗಳಲ್ಲಿ, ಮತ್ತು ಆ ಕೊನೆಯ ವರ್ಷಗಳು ಮೊದಲಿಗೆ ಒದಗುವುದು ಬೇಗ ಆರಂಭಿಸಿದವನಿಗೆ.

ಷೇರುಪೇಟೆಯ ವಿಚಾರದಲ್ಲಿ ನಮ್ಮ ಹಿರಿಯರು ಅದೆಲ್ಲ ಜೂಜೆಂದು ತಳ್ಳಿಹಾಕುವುದೂ ಸರಿಯಲ್ಲ, ನಮ್ಮ ಕಿರಿಯರು ಅದನ್ನು ನಿಜವಾಗಿಯೇ ಜೂಜನ್ನಾಗಿ ಆಡುವುದೂ ಸರಿಯಲ್ಲ. ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ಹಣವನ್ನು ಹಂಚಿಹಾಕುವ ನಿಫ್ಟಿ ಸೂಚ್ಯಂಕ ನಿಧಿಯೊಂದರಲ್ಲಿ ತಿಂಗಳಿಗೆ ಐನೂರು ತೊಡಗಿಸುವವನು, ಕಾರಟಗಿಯ ಕಾಲುವೆ ಬತ್ತಿದರೂ ಕುಷ್ಟಗಿಯ ಮುಗಿಲು ಮುನಿದರೂ ತಮ್ಮ ಕೆಲಸ ತಾವು ಮಾಡುತ್ತಿರುವ ಬ್ಯಾಂಕು, ಕಾರ್ಖಾನೆ, ತಂತ್ರಾಂಶ ಸಂಸ್ಥೆಗಳಲ್ಲಿ ಪಾಲುದಾರನಾಗುತ್ತಾನೆ. ಈ ಲೇಖನದ ಆರಂಭದಿಂದ ನಾನು ಹೇಳುತ್ತಿರುವ ಕಾಲುವೆಯಾಚೆಯ ಹೂಡಿಕೆಗೆ ಇದಕ್ಕಿಂತ ಸ್ಫುಟವಾದ ನಿದರ್ಶನವಿಲ್ಲ. ನಡುವಿನ ದಲಾಲಿಗೆ ಕಮಿಷನ್ ಹೋಗದ ‘ಡೈರೆಕ್ಟ್’ ಯೋಜನೆಗಳು 2013ರಿಂದ ಲಭ್ಯವಿವೆ. ಹದಿನೆಂಟು ತುಂಬಿರಬೇಕು, ಪಾನ್, ಆಧಾರ್, ಬ್ಯಾಂಕ್ ಖಾತೆ ಇರಬೇಕು, ಅಷ್ಟೇ. ಆದರೆ ಏರಿಳಿತವನ್ನು ತಾಳುವ ಎದೆಯೂ ಇರಬೇಕು. 2020ರ ಜನವರಿಯಿಂದ ಮಾರ್ಚಿನೊಳಗೆ ಸೆನ್ಸೆಕ್ಸ್ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಕುಸಿಯಿತು. ಆ ವರ್ಷ ಮುಗಿಯುವುದರೊಳಗೆ ಚೇತರಿಸಿಕೊಂಡಿತೆಂಬುದು ಭಾಗ್ಯ, ಏಕೆಂದರೆ 2008ರಲ್ಲಿ ಬಿದ್ದದ್ದು ಹಳೆಯ ಎತ್ತರವನ್ನು ಮುಟ್ಟಲು ಸುಮಾರು ಮೂರು ವರ್ಷ ಹಿಡಿಯಿತು. ಐದಾರು ವರ್ಷದೊಳಗೆ ಬೇಕಾಗತಕ್ಕ ಹಣವನ್ನು ಅಲ್ಲಿ ಇಡುವುದು ಸಾಹಸವಲ್ಲ, ಅವಿವೇಕ.

ಅವಿವೇಕದ ಇನ್ನೊಂದು ರೂಪವು ಈಗ ನಮ್ಮ ಹಾಸ್ಟೆಲುಗಳ ಕೋಣೆಗಳನ್ನೂ ಹೊಕ್ಕಿದೆ. ಷೇರುಗಳ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವ್ಯವಹಾರದಲ್ಲಿ ತೊಡಗಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ ತೊಂಬತ್ತಮೂರು ಜನ 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ನಷ್ಟವನ್ನೇ ಕಂಡರೆಂದೂ, ಅವರೆಲ್ಲರ ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಯನ್ನು ಮೀರಿತೆಂದೂ, ಹೀಗೆ ವ್ಯವಹರಿಸುವವರಲ್ಲಿ ಮೂವತ್ತಕ್ಕೆ ಕೆಳಗಿನ ವಯಸ್ಸಿನವರ ಪ್ರಮಾಣವು ಒಂದೇ ವರ್ಷದಲ್ಲಿ ನೂರಕ್ಕೆ 31ರಿಂದ 43ಕ್ಕೆ ಏರಿತೆಂದೂ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯದೆಯಿಂದ ನಿಷೇಧಿಸಿತು. ಫ್ಯೂಚರ್ಸ್, ಆಪ್ಷನ್ಸ್‌ಗಳ ವ್ಯವಹಾರವನ್ನು ನಿಷೇಧಿಸಿಲ್ಲ, ಅದಕ್ಕೆ ನ್ಯಾಯವಾದ ಉಪಯೋಗಗಳೂ ಇವೆ. ಆದರೆ ಫೀಸಿನ ಹಣವನ್ನಿಟ್ಟುಕೊಂಡು ಮೊಬೈಲು ತೀಡುವ ಹುಡುಗನಿಗೆ ಎರಡಕ್ಕೂ ಇರುವ ಅಂತರವನ್ನು ವಿವರಿಸಿ ಹೇಳು ಎಂದರೆ ನಾನು ತೊಡಕಿನಲ್ಲಿ ಬೀಳುವೆನು.

ಬಂಗಾರದ ವಿಷಯವನ್ನು ಹೆಂಗಸರ ಮುಂದೆ ಎತ್ತುವ ಧೈರ್ಯ ನನಗಿಲ್ಲ. ಮಜೂರಿ, ಸವಕಳಿಗಳನ್ನು ಕಳೆದುಕೊಂಡ ಮೇಲೆ ಉಳಿಯುವುದೆಷ್ಟೆಂದು ಒಮ್ಮೆ ಅಕ್ಕಸಾಲಿಯನ್ನೇ ಕೇಳಿ ನೋಡಲಿ.

ಕೊನೆಯದಾಗಿ, ಊರಿನ ಸಹಕಾರಿ ಸಂಘಗಳ ಮಾತು. ಇದನ್ನು ಹೇಳುವಾಗ ನನಗೆ ಸಂಕೋಚವಿದೆ, ಏಕೆಂದರೆ ಸಹಕಾರದ ಬಗ್ಗೆ ನನಗಿರುವ ಗೌರವ ಅಲ್ಪವಲ್ಲ. ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ, 1905ರಷ್ಟು ಹಿಂದೆ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಪತ್ತಿನ ಸಹಕಾರ ಸಂಘವನ್ನು ಕಟ್ಟಿ ಇಡೀ ದೇಶಕ್ಕೆ ಮೇಲ್ಪಂಕ್ತಿ ಹಾಕಿದರು. ಸಾಲಗಾರನ ಹೊಲ, ಮನೆ, ನಡತೆ ಮೂರನ್ನೂ ಪ್ರತ್ಯಕ್ಷ ಬಲ್ಲ ಹಳ್ಳಿಗರು ಒಬ್ಬರಿಗೊಬ್ಬರು ಹೊಣೆಯಾಗಿ ನಿಂತುದೇ ಅದರ ಬಲವಾಗಿತ್ತು. ಇಂದು 1997ರ ಸೌಹಾರ್ದ ಕಾಯದೆಯಡಿ ನೋಂದಣಿಯಾದ ಪತ್ತಿನ ಸಹಕಾರಿಗಳ ಫಲಕಗಳನ್ನು ಸಣ್ಣಪುಟ್ಟ ಪೇಟೆಗಳಲ್ಲಿಯೂ ಕಾಣುತ್ತೇವೆ. ಅವುಗಳಲ್ಲಿ ಪ್ರಾಮಾಣಿಕವಾದವು ಬೇಕಾದಷ್ಟಿವೆ. ಆದರೆ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮವು 2020ರ ಫೆಬ್ರುವರಿ 4ರಿಂದ ಐದು ಲಕ್ಷ ರೂಪಾಯಿಯವರೆಗೆ ಕೊಡುತ್ತಿರುವ ರಕ್ಷಣೆಯು ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕುಗಳ ಠೇವಣಿಗೆ ಸಲ್ಲುತ್ತದೆಯೇ ಹೊರತು ಈ ಪತ್ತಿನ ಸಂಘಗಳ ಠೇವಣಿಗೆ ಸಲ್ಲುವುದಿಲ್ಲ. 1976ರಲ್ಲಿ ಬಳ್ಳಾರಿ, ರಾಯಚೂರು ಜಿಲ್ಲೆಗಳಿಗಾಗಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕಿನ ವಾರಸುದಾರನಾದ ಇಂದಿನ ಗ್ರಾಮೀಣ ಬ್ಯಾಂಕಿನ ಕಟ್ಟೆಗೂ, ಅದರ ಎದುರಿನ ಸಂಘದ ಕಟ್ಟೆಗೂ ಠೇವಣಿದಾರನು ಕಾಣುವ ಭೇದವೆಂದರೆ ಸಂಘದಲ್ಲಿ ಬಡ್ಡಿ ಒಂದೆರಡು ರೂಪಾಯಿ ಹೆಚ್ಚು, ಸಿಬ್ಬಂದಿಯ ನಗೆ ಇನ್ನೂ ಹೆಚ್ಚು.

ವಿಮೆಯಿಲ್ಲದಿರುವುದು ಒಂದು ದೋಷ. ಅದಕ್ಕಿಂತ ಗಹನವಾದುದು ಇನ್ನೊಂದು. ಸಂಘವು ನಮ್ಮ ಠೇವಣಿಯನ್ನು ಯಾರಿಗೆ ಸಾಲವಾಗಿ ಕೊಡುತ್ತದೆ? ಅದೇ ಊರಿನ ದಲಾಲಿಗೆ, ಗೊಬ್ಬರದಂಗಡಿಗೆ, ಟ್ರ್ಯಾಕ್ಟರು ಕೊಂಡವನಿಗೆ, ನಿವೇಶನ ಮಾಡಿದವನಿಗೆ. ಎರಡನೆಯ ಬೆಳೆಗೆ ನೀರು ಬಾರದ ವರ್ಷ ಇವರೆಲ್ಲರೂ ಒಟ್ಟಿಗೆ ಕಂತು ತಪ್ಪಿಸುತ್ತಾರೆ. ಅದೇ ವರ್ಷ, ಅದೇ ಕಾರಣಕ್ಕಾಗಿ, ಠೇವಣಿ ಇಟ್ಟ ರೈತರೂ ಒಟ್ಟಿಗೆ ತಮ್ಮ ಹಣವನ್ನು ಕೇಳಲು ಬರುತ್ತಾರೆ. ಹೀಗಾಗಿ ತೀರ ಬೇಕಾದ ದಿನವೇ ಹಣವು ಸಿಗದೆಹೋಗುವ ಸಂಭವವು ಸಂಘದ ಆಡಳಿತ ಮಂಡಳಿಯು ಎಷ್ಟೇ ಪ್ರಾಮಾಣಿಕವಾಗಿದ್ದರೂ ತಪ್ಪುವಂತಿಲ್ಲ. ಹರಾಜು ಚೀಟಿಯ ಪಾಡೂ ಇದೇ. ಇಪ್ಪತ್ತು ಜನ ಸದಸ್ಯರೂ ಒಂದೇ ಕಾಲುವೆಯ ಬದಿಯವರಾದರೆ, 1982ರ ಚಿಟ್ ಫಂಡ್ ಕಾಯದೆಯಡಿ ನೋಂದಣಿಯಾಗಿದ್ದರೂ ಆ ಚೀಟಿಗೆ ಮಳೆಗಾಲದ ಹಂಗು ತಪ್ಪಿದ್ದಲ್ಲ.

ಸಂಘಗಳಿಗೆ ಹಣ ಹಾಕಲೇಬಾರದೆಂದು ನಾನು ಹೇಳುವುದಿಲ್ಲ. ಊರಿನ ವ್ಯಾಪಾರಕ್ಕೆ ಸಾಲ ಬೇಕು, ಅದನ್ನು ಊರಿನವರೇ ಕೊಡುವುದರಲ್ಲಿ ಸೊಗಸೂ ಇದೆ. ಆದರೆ ತಿಳಿದು ಹಾಕಬೇಕು. ಸಹಕಾರಿ ಪತ್ತಿನ ಸಂಘಗಳು ತಮ್ಮ ಹೆಸರಿನಲ್ಲಿ ‘ಬ್ಯಾಂಕ್’ ಎಂಬ ಪದವನ್ನು ಬಳಸಕೂಡದೆಂದು 2020ರ ಬ್ಯಾಂಕಿಂಗ್ ನಿಯಂತ್ರಣ ತಿದ್ದುಪಡಿಯು ವಿಧಿಸಿದೆ. ಅವುಗಳ ಠೇವಣಿಗೆ ವಿಮೆಯಿಲ್ಲವೆಂದು ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿಯೂ ಇದೆ. ಆ ಎಚ್ಚರಿಕೆಯು ಯಲಬುರ್ಗಾದ ವಿದ್ಯಾರ್ಥಿನಿಯ ಕಣ್ಣಿಗೆ ಬಿದ್ದಿರುವ ಸಂಭವ ಕಡಿಮೆ. ಆದುದರಿಂದ ಸಹಕಾರ ಇಲಾಖೆಯು ಪ್ರತಿಯೊಂದು ಪತ್ತಿನ ಸಂಘಕ್ಕೂ, ಸೌಹಾರ್ದವೇ ಆಗಲಿ ಬೇರೆಯೇ ಆಗಲಿ, ಅದರ ಬಡ್ಡಿಯ ದರವನ್ನು ಬರೆದಿರುವಷ್ಟೇ ದೊಡ್ಡ ಅಕ್ಷರಗಳಲ್ಲಿ, ಅದೇ ಫಲಕದ ಮೇಲೆ, ‘ಇಲ್ಲಿಯ ಠೇವಣಿಗೆ ವಿಮೆಯ ರಕ್ಷಣೆಯಿಲ್ಲ’ವೆಂದು ಕನ್ನಡದಲ್ಲಿ ಬರೆಯಿಸಲು ಆಜ್ಞಾಪಿಸತಕ್ಕದ್ದು, ಅದರ ಕೆಳಗೆ ಹಿಂದಿನ ವರ್ಷದ ಲೆಕ್ಕಪರಿಶೋಧನೆಯ ದಿನಾಂಕವನ್ನೂ, ಮರುಪಾವತಿಯಾಗದೆ ನಿಂತ ಸಾಲದ ಪ್ರಮಾಣವನ್ನೂ ಸೇರಿಸತಕ್ಕದ್ದು. ಇದರಿಂದ ಸಂಘಗಳ ವ್ಯಾಪಾರ ಕೆಡುವುದೆಂದು ಆಕ್ಷೇಪಿಸುವವರು ಬಂದಾರು. ಗಟ್ಟಿಯಾದ ಸಂಘಕ್ಕೆ ಇದರಿಂದ ನಷ್ಟವಿಲ್ಲ, ಟೊಳ್ಳಾದುದು ಇನ್ನಷ್ಟು ಮಕ್ಕಳ ಐನೂರುಗಳನ್ನು ಸಂಗ್ರಹಿಸಿದ ಮೇಲೆ ಮುಳುಗುವುದಕ್ಕಿಂತ ಈಗಲೇ ತನ್ನ ಬಾಗಿಲನ್ನು ಹಾಕಿಕೊಳ್ಳುವುದು ಜಿಲ್ಲೆಗೆ ಅಗ್ಗವಾಗಿ ಬೀಳುತ್ತದೆ.